ಬೆಂಕಿ ಬಿದ್ದ ಇಳಿಜಾರು: ಮಳೆ ಬರುವ ಮುಂಚೆ ಮಣ್ಣನ್ನು ಉಳಿಸಿಕೊಳ್ಳೋದು ಹೇಗೆ?

ಬೆಟ್ಟದಂಚು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದಿನ ಗುಡ್ಡಕ್ಕೆ ಕಾಡ್ಗಿಚ್ಚು ಬಂದು ಹೋಯಿತು. ಮನೆ ಉಳಿದಿದೆ, ಎಲ್ಲರೂ ಕ್ಷೇಮ. ಗುಡ್ಡ ಮಾತ್ರ ಪೂರ್ತಿ ಬೋಳಾಗಿದೆ.

ಜಾಗ ಹೇಗಿದೆ ಅಂತ ಹೇಳಿಬಿಡುತ್ತೇನೆ. ಮೇಲಿನ ಅರ್ಧ ಬಹಳ ಕಡಿದು. ಅಲ್ಲಿ ಪೊದೆ, ತರಗೆಲೆ ಏನೂ ಉಳಿದಿಲ್ಲ, ಬೂದಿ ಬಿಳಿಯಾಗಿದೆ. ಕೆಳಗಿನ ಅರ್ಧದಲ್ಲಿ ಅಷ್ಟು ಇಳಿಜಾರಿಲ್ಲ, ಬೂದಿ ಕಪ್ಪು. ಅಲ್ಲಿ ಕೆಲವು ಮರಗಳ ಎಲೆಗಳು ಕಂದು ಬಣ್ಣಕ್ಕೆ ತಿರುಗಿ ಕೊಂಬೆಯಲ್ಲೇ ನಿಂತಿವೆ. ಮಧ್ಯದಲ್ಲಿ ಒಂದು ಸಣ್ಣ ಕೊರಕಲು ಇದೆ. ಅದರ ನೀರು ಮನೆ ಪಕ್ಕದ ದಾರಿಯ ಮೋರಿಗೆ ಬರುತ್ತದೆ. ಬೆಂಕಿ ಹರಡದಿರಲಿ ಅಂತ ಬುಲ್ಡೋಜರ್ ಓಡಿಸಿದ್ದರು. ಆ ಪಟ್ಟಿ ಗುಡ್ಡದ ನೆತ್ತಿಯಿಂದ ಬುಡದವರೆಗೆ ನೆಟ್ಟಗೆ ಇಳಿದಿದೆ.

ಮಳೆಗೆ ಇನ್ನು ಕೆಲವೇ ವಾರ. ಒಬ್ಬರು ಹುಲ್ಲಿನ ಬೀಜ ಎರಚಿ ಅನ್ನುತ್ತಾರೆ. ಇನ್ನೊಬ್ಬರು ಸುಟ್ಟ ಮರವನ್ನೆಲ್ಲ ಕಡಿದು ತೆಗೆದು ಸಸಿ ನೆಡಿ ಅನ್ನುತ್ತಾರೆ. ನಮ್ಮ ಹತ್ತಿರ ಇರೋದು ಮೂರ್ನಾಲ್ಕು ಜನ, ಗುದ್ದಲಿ, ಗರಗಸ. ಎಲ್ಲವನ್ನೂ ಮಾಡಲು ಆಗಲ್ಲ. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಮಣ್ಣುಹಿಡಿ:

ಬೆಟ್ಟದಂಚು ಅವರೇ, ನೀವು ಬಿಳಿ ಬೂದಿ, ಕಪ್ಪು ಬೂದಿ ಅಂತ ಬೇರೆ ಮಾಡಿ ನೋಡಿದ್ದೀರಿ. ಅದು ಬಹಳ ಒಳ್ಳೆಯದಾಯಿತು. ಸುಟ್ಟ ಇಳಿಜಾರುಗಳಲ್ಲಿ ಮಣ್ಣು ಉಳಿಸುವ ಕೆಲಸವನ್ನೇ ಮಾಡಿಕೊಂಡು ಬಂದವನು ನಾನು. ಗುಡ್ಡ ಪೂರ್ತಿ ಒಂದೇ ಥರ ಸುಟ್ಟಿರುವುದನ್ನು ನೋಡಿಯೇ ಇಲ್ಲ. ಎಲ್ಲಿ ಜಾಸ್ತಿ ಸುಟ್ಟಿದೆಯೋ ಅಲ್ಲಿಗೆ ನಿಮ್ಮ ಕೆಲಸ ಸೀಮಿತವಾಗಲಿ. ಉಳಿದ ಕಡೆ ನೆಲವೇ ನೋಡಿಕೊಳ್ಳುತ್ತದೆ.

ಬೂದಿ ಕಪ್ಪಾಗಿದ್ದರೆ ಪೂರ್ತಿ ಉರಿದಿಲ್ಲ ಅಂತ. ಬಿಳಿ ಇದ್ದರೆ ಬೆಂಕಿ ಅಲ್ಲಿ ತುಂಬಾ ಹೊತ್ತು ನಿಂತು ಎಲ್ಲವನ್ನೂ ತಿಂದಿದೆ ಅಂತ. ಆದರೆ ಬಣ್ಣ ಒಂದನ್ನೇ ನಂಬಬೇಡಿ. ಬೂದಿಯನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ಮಣ್ಣನ್ನು ಕೈಯಲ್ಲಿ ಹಿಡಿಯಿರಿ. ಕೂದಲೆಳೆಯಂಥ ಬೇರುಗಳು ಇನ್ನೂ ಮಣ್ಣಿನ ಹೆಂಟೆಯನ್ನು ಹಿಡಿದುಕೊಂಡಿದ್ದರೆ ಚಿಂತೆ ಕಡಿಮೆ. ಬೇರುಗಳು ಉರಿದು ಹೋಗಿ, ಮಣ್ಣು ಪುಡಿಪುಡಿಯಾಗಿ ಉದುರಿದರೆ ಅಥವಾ ಕೆಂಪಗೆ ತಿರುಗಿದ್ದರೆ ಅಲ್ಲಿ ಬೆಂಕಿ ಆಳಕ್ಕೆ ಹೋಗಿದೆ.

ಆಮೇಲೆ ನೀರಿನ ಹನಿ ಪರೀಕ್ಷೆ ಮಾಡಿ. ಬೂದಿ ಸರಿಸಿ, ಒಣ ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. 5 ಸೆಕೆಂಡಿನೊಳಗೆ ಇಂಗಿದರೆ ಸರಿ. ಹನಿ ಗುಂಡಗೆ ಹಾಗೇ ಕುಳಿತರೆ ಮಣ್ಣು ನೀರನ್ನು ದೂರ ತಳ್ಳುತ್ತಿದೆ. ಒಂದು ನಿಮಿಷ ಕಳೆದರೂ ಇಂಗದಿದ್ದರೆ ಸಮಸ್ಯೆ ಜೋರಾಗಿದೆ ಅಂತಲೇ ಲೆಕ್ಕ. ಮೇಲೆ ಒಂದು ಸಲ ಮಾಡಿ ಬಿಡಬೇಡಿ. 1 ಸೆಂಟಿಮೀಟರ್ ಕೆರೆದು ಮತ್ತೆ ಹನಿ ಬಿಡಿ, ಇನ್ನೂ ಸ್ವಲ್ಪ ಕೆರೆದು ಮತ್ತೆ ನೋಡಿ. ಎಲೆ, ಕಡ್ಡಿ ಉರಿಯುವಾಗ ಅದರಲ್ಲಿರುವ ಮೇಣದಂಥ ಅಂಶ ಆವಿಯಾಗಿ ಮಣ್ಣಿನೊಳಗೆ ಇಳಿಯುತ್ತದೆ. ಕೆಳಗೆ ತಣ್ಣಗಿನ ಜಾಗ ಸಿಕ್ಕಿದಾಗ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ನೀರು ತಳ್ಳುವ ಪದರ ಸಾಮಾನ್ಯವಾಗಿ ಮೇಲಿನ ಕೆಲವು ಸೆಂಟಿಮೀಟರ್‌ಗಳಲ್ಲಿ ಅಡಗಿರುತ್ತದೆ. ಅದರ ಮೇಲಿನ ಮಣ್ಣು ನೆನೆಯುತ್ತದೆ, ಕೆಳಗಿನದು ಒಣಗಿಯೇ ಇರುತ್ತದೆ. ನೆನೆದ ಪದರ ಇಡಿಯಾಗಿ ಜಾರುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಇಡೀ ದಿನ ಸಣ್ಣಗೆ ಸುರಿಯುವ ಮಳೆಗೆ ನಾನು ಅಷ್ಟು ಹೆದರುವುದಿಲ್ಲ. ಹತ್ತು ಹದಿನೈದು ನಿಮಿಷ ಹುಯ್ದು ನಿಲ್ಲುವ ಜೋರು ಮಳೆಗೆ ಹೆದರುತ್ತೇನೆ. ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಊರಿನಲ್ಲಿ ಆಗಿದ್ದು ಅದೇ. ಅದರ ಮೇಲಿನ ಬೆಟ್ಟಗಳು 2017ರ ಡಿಸೆಂಬರಿನ ಥಾಮಸ್ ಬೆಂಕಿಯಲ್ಲಿ ಸುಟ್ಟಿದ್ದವು. 2018ರ ಜನವರಿ 9ರ ಬೆಳಗಿನ ಜಾವ ಕೆಲವೇ ನಿಮಿಷದ ಬಿರುಮಳೆ ಬಂತು. ಕೆಸರು, ಬಂಡೆ, ಮರ ಎಲ್ಲ ಸೇರಿ ಹಳ್ಳಗಳಲ್ಲಿ ನುಗ್ಗಿ 23 ಜನ ಸತ್ತರು. ಅಷ್ಟು ದೊಡ್ಡ ಬೆಟ್ಟ ನಿಮ್ಮದಲ್ಲ ಇರಬಹುದು. ಆದರೂ ಕೊರಕಲು ಮನೆ ಪಕ್ಕಕ್ಕೆ ಬರುತ್ತದೆ ಅಂದಿರಿ. ಹಾಗಾಗಿ ಮೊದಲೇ ಹೇಳುತ್ತೇನೆ, ಮಳೆ ಮುನ್ಸೂಚನೆ ನೋಡುತ್ತಿರಿ. ಜೋರು ಮಳೆ ಅಂತ ಇದ್ದ ರಾತ್ರಿ ಆ ಕಡೆಯ ಕೋಣೆಯಲ್ಲಿ ಮಲಗಬೇಡಿ. ಮನೆ ಬಿಟ್ಟು ಹೊರಡಿ ಅಂತ ಸೂಚನೆ ಬಂದರೆ ತಕ್ಷಣ ಹೊರಡಿ. ನಾನು ಹೇಳುವ ಯಾವ ಕೆಲಸವೂ ಅಂಥ ಕೆಸರಿನ ಪ್ರವಾಹವನ್ನು ತಡೆಯುವುದಿಲ್ಲ.

ಈಗ ಕೆಲಸ. ಗುಡ್ಡದ ಮೇಲ್ಭಾಗದಲ್ಲಿ ನೆಲವನ್ನು ಮುಚ್ಚಿ. ಇದೇ ಮೊದಲು, ಉಳಿದದ್ದೆಲ್ಲ ಆಮೇಲೆ. ಮಳೆ ಹನಿ ಬರಿ ನೆಲಕ್ಕೆ ಬಡಿದಾಗ ಮಣ್ಣಿನ ಕಣ ಸಿಡಿಯುತ್ತದೆ. ಸಣ್ಣ ಕಣ ಮತ್ತು ಬೂದಿ ಸೇರಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಅಲ್ಲಿಂದ ಮುಂದೆ ನೀರು ಇಂಗುವುದಿಲ್ಲ, ಓಡುತ್ತದೆ. ನೆಲದ ಮೇಲೆ ಒಣಹುಲ್ಲಿದ್ದರೆ ಹನಿಯ ಪೆಟ್ಟು ಅದರ ಮೇಲೆ ಬೀಳುತ್ತದೆ. ಗೋಧಿ ಹುಲ್ಲು, ಬತ್ತದ ಹುಲ್ಲು ಯಾವುದಾದರೂ ಆಗುತ್ತದೆ. ಆದರೆ ಕಳೆ ಬೀಜ ಇಲ್ಲದ್ದು ಇರಲಿ. ಮೇವಿಗೆ ಅಂತ ಕೊಯ್ದ ಹುಲ್ಲಿನಲ್ಲಿ ಬೀಜ ತುಂಬಿರುತ್ತದೆ, ಅದು ಬೇಡ.

ದಪ್ಪಗೆ ಹಾಸಬೇಕಿಲ್ಲ. ಮೇಲಿಂದ ನೋಡಿದಾಗ ನೆಲದ 60-70 ಶೇಕಡಾ ಮುಚ್ಚಿದ್ದರೆ ಸಾಕು. 5 ಸೆಂಟಿಮೀಟರ್‌ಗಿಂತ ದಪ್ಪ ಆದರೆ ಮೊಳಕೆ ಮೇಲೆ ಬರಲು ಕಷ್ಟ. ಗಾಳಿ ಬೀಸುವ ನೆತ್ತಿಯಲ್ಲಿ ಹುಲ್ಲು ಹಾರಿಹೋಗುತ್ತದೆ. ಅಲ್ಲಿ ಮರದ ಸೀಳು, ಚಕ್ಕೆ, ಸುಟ್ಟ ಪೊದೆಯ ಕಡ್ಡಿಗಳನ್ನು ಹರಡಿ. ಅವು ತೂಕ ಇರುತ್ತವೆ, ಬೇಗ ಕೊಳೆಯುವುದೂ ಇಲ್ಲ. ಕಡ್ಡಿಗಳು ನೆಲಕ್ಕೆ ತಾಗಿರಬೇಕು. ಎತ್ತರದಲ್ಲಿ ನಿಂತ ಕೊಂಬೆಯ ಕೆಳಗೆ ನೀರು ಸಲೀಸಾಗಿ ಓಡುತ್ತದೆ.

ಕಂದು ಎಲೆ ಹೊತ್ತು ನಿಂತ ಮರಗಳನ್ನು ದಯವಿಟ್ಟು ಕಡಿಯಬೇಡಿ. ಆ ಎಲೆಗಳು ಇನ್ನು ಸ್ವಲ್ಪ ದಿನಕ್ಕೆ ಉದುರುತ್ತವೆ. ಯಾರೂ ಹೊತ್ತು ತರಬೇಕಿಲ್ಲದ ಹೊದಿಕೆ ಅದು. ನಿಮ್ಮ ಕೆಳಗಿನ ಅರ್ಧಕ್ಕೆ ಬಹುಶಃ ಅಷ್ಟೇ ಸಾಕಾಗಬಹುದು.

ಬುಲ್ಡೋಜರ್ ಪಟ್ಟಿಯನ್ನು ಮರೆಯಬೇಡಿ. ನನ್ನ ಪ್ರಕಾರ ನಿಮ್ಮ ಜಾಗದಲ್ಲಿ ಅದೇ ಅತಿ ಕೆಟ್ಟದ್ದು. ಮೇಲ್ಮಣ್ಣು ಕೆರೆದು ಹೋಗಿದೆ, ನೆಲ ಗಟ್ಟಿಯಾಗಿದೆ, ಗುಡ್ಡದ ಉದ್ದಕ್ಕೂ ನೆಟ್ಟಗಿದೆ. ಒಂದೇ ಮಳೆಗಾಲದಲ್ಲಿ ಅದು ಕೊರಕಲಾಗುತ್ತದೆ. ಪಕ್ಕಕ್ಕೆ ತಳ್ಳಿದ ಮಣ್ಣನ್ನು ಮತ್ತೆ ಪಟ್ಟಿಯೊಳಗೆ ಎಳೆಯಿರಿ. ಅಲ್ಲಲ್ಲಿ ಓರೆಯಾಗಿ ಅಡ್ಡ ಬದು ಹಾಕಿ. ಇಳಿಜಾರು ಕಡಿದಾದಷ್ಟೂ ಬದುಗಳು ಹತ್ತಿರ ಹತ್ತಿರ ಇರಲಿ. ಬದುವಿನ ಕೆಳಗಿನ ತುದಿ ತೆರೆದಿರಬೇಕು. ನೀರು ಪಟ್ಟಿಯಿಂದ ಹೊರಗೆ, ಕಲ್ಲು ಅಥವಾ ಪೊದೆಯ ಬುಡ ಇರುವ ಕಡೆ ಹರಡಿ ಹೋಗಬೇಕು. ನಿಮ್ಮ ಕೊರಕಲಿನ ಕಡೆಗೆ ಅಂತೂ ತಿರುಗಿಸಬೇಡಿ. ಆಮೇಲೆ ಪಟ್ಟಿಯ ಮೇಲೆ ಕೊಂಬೆ, ಕಡ್ಡಿ ಹರಡಿ.

ಹಸಿರುದಾರಿ:

ಮಣ್ಣುಹಿಡಿ ಸರ್, ಹೊದಿಕೆ ಸರಿ, ಆದರೆ ಹುಲ್ಲಿನ ಬೀಜವನ್ನು ಬಿಟ್ಟೇಬಿಟ್ಟಿರಲ್ಲ? ಬೇರು ಇಲ್ಲದೆ ಮಣ್ಣು ನಿಲ್ಲುವುದು ಹೇಗೆ? ಬೇಗ ಬೆಳೆಯುವ ಹುಲ್ಲು ಎರಚಿದರೆ ಒಂದು ತಿಂಗಳಲ್ಲಿ ಹಸಿರಾಗುತ್ತದೆ. ಹೊದಿಕೆಗಿಂತ ಹೊರುವುದೂ ಸುಲಭ, ಅಲ್ವಾ? ನಮ್ಮ ಕಡೆ ಒಂದು ಇಳಿಜಾರಿಗೆ ಹಾಗೆ ಮಾಡಿದ್ದೆವು, ಚೆನ್ನಾಗಿಯೇ ಬಂತು.

ಮಣ್ಣುಹಿಡಿ:

ಹಸಿರುದಾರಿ ಅವರೇ, ನಿಮ್ಮ ಇಳಿಜಾರಿನಲ್ಲಿ ಬಂದಿರಬಹುದು, ಅಲ್ಲ ಅನ್ನುವುದಿಲ್ಲ. ಮೊದಲ ಮಳೆಗಳು ಮೆತ್ತಗೆ ಬಿದ್ದರೆ ಬೀಜ ಮೊಳೆಯುತ್ತದೆ. ಆದರೆ ಹುಲ್ಲು ಬೇರು ಬಿಡಲು ಮಳೆ ಬೇಕು. ಮಣ್ಣು ಕೊಚ್ಚಿಹೋಗುವುದು ಅದೇ ಮೊದಲ ಮಳೆಗಳಲ್ಲಿ. ಬಿರುಮಳೆ ಮೊದಲು ಬಂದರೆ ಬೀಜವೂ ಮಣ್ಣಿನ ಜೊತೆ ಕೆಳಗೆ ಹೋಗುತ್ತದೆ. ಅಮೆರಿಕದಲ್ಲಿ ಎಷ್ಟೋ ದಶಕ ವಿಮಾನದಿಂದ ಹುಲ್ಲಿನ ಬೀಜ ಎರಚಿದರು. ಆಮೇಲೆ ಅಳೆದು ನೋಡಿದಾಗ ಮೊದಲ ವರ್ಷದ ಸವಕಳಿಗೆ ಅದರಿಂದ ಹೆಚ್ಚಿನ ಉಪಯೋಗ ಆಗಿಲ್ಲ ಅಂತಲೇ ಮತ್ತೆ ಮತ್ತೆ ಕಂಡುಬಂತು. ಹೊದಿಕೆ ಹಾಕಿದ ಕಡೆ ಮಣ್ಣು ಉಳಿದಿತ್ತು. ಸ್ಪೇನ್‌ನ ಗಲಿಸಿಯಾದಲ್ಲೂ ಸುಟ್ಟ ಗುಡ್ಡಗಳಿಗೆ ಹೆಲಿಕಾಪ್ಟರ್‌ನಿಂದ ಹುಲ್ಲಿನ ಹೊದಿಕೆ ಹಾಕುತ್ತಾರೆ.

ನನಗೆ ಇನ್ನೂ ದೊಡ್ಡ ಚಿಂತೆ ಬೇರೆಯದು. ಹೊರಗಿನಿಂದ ತಂದ ಹುಲ್ಲು ಚೆನ್ನಾಗಿ ಬಂದರೆ, ಆ ಜಾಗದ್ದೇ ಗಿಡಗಳ ಮೊಳಕೆಗೆ ನೀರು, ಬೆಳಕು ಸಿಗುವುದಿಲ್ಲ. ಬೇಸಿಗೆಯಲ್ಲಿ ಅದೇ ಹುಲ್ಲು ಒಣಗಿ ಮುಂದಿನ ಬೆಂಕಿಗೆ ಸೌದೆ ಆಗುತ್ತದೆ. ಬೀಜ ಹಾಕಲೇಬೇಕು ಅಂದರೆ ಆ ಗುಡ್ಡದ್ದೇ ಗಿಡ, ಹುಲ್ಲುಗಳ ಬೀಜ ಇರಲಿ. ಬುಲ್ಡೋಜರ್ ಪಟ್ಟಿಯಂಥ, ನೆಲದೊಳಗಿನ ಬೀಜವೂ ಹೋಗಿಬಿಟ್ಟ ಜಾಗಕ್ಕೆ ಹಾಕಿ, ಮೇಲೆ ಹೊದಿಕೆ ಮುಚ್ಚಿ. ಅಲ್ಲಿ ನಾನೂ ಹಾಕುತ್ತೇನೆ.

ನೆರಳುಗಲ್ಲು:

ಗರಗಸ ಇದೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಮರ ಕೆಲಸ ಮಾಡಿ ಗೊತ್ತಿರುವವಳು ನಾನು. ಸುಟ್ಟ ಮರ ಹೊರಗೆ ಗಟ್ಟಿ ಕಂಡರೂ ಬೇರು ಉರಿದು ಹೋಗಿರಬಹುದು. ಗಾಳಿ ಇಲ್ಲದಿದ್ದರೂ ಬೀಳುತ್ತದೆ. ಕೆಲಸ ಶುರು ಮಾಡುವ ಮುಂಚೆ ಪ್ರತಿ ಮರದ ಬುಡ, ತಲೆ ಎರಡೂ ನೋಡಿ. ಗಾಳಿ ಇರುವ ದಿನ ಗುಡ್ಡಕ್ಕೆ ಹೋಗಲೇಬೇಡಿ. ಒಬ್ಬರೇ ಅಂತೂ ಬೇಡವೇ ಬೇಡ.

ಇನ್ನೊಂದು, ಬೇರು ಉರಿದ ಕಡೆ ನೆಲದೊಳಗೆ ಪೊಳ್ಳು ಇರುತ್ತದೆ. ಮೇಲೆ ಬೂದಿ ಮುಚ್ಚಿರುತ್ತದೆ, ಕಾಣಲ್ಲ. ಕಾಲಿಟ್ಟರೆ ಮಂಡಿವರೆಗೆ ಹೋಗಬಹುದು, ಒಳಗೆ ಕೆಂಡವೂ ಇರಬಹುದು. ಕೋಲಿನಿಂದ ತಟ್ಟಿ ನೋಡುತ್ತಾ ನಡೆಯಿರಿ. ಮಾಸ್ಕ್ ಹಾಕಿಕೊಳ್ಳಿ. ಕೊಟ್ಟಿಗೆ, ಶೆಡ್, ವಾಹನ ಏನಾದರೂ ಸುಟ್ಟಿದ್ದರೆ ಆ ಬೂದಿ ಕಾಡಿನ ಬೂದಿಯಂತೆ ಅಲ್ಲ. ಅದರಲ್ಲಿ ಸೀಸ, ಆರ್ಸೆನಿಕ್, ಹಳೆಯ ಶೀಟಿನ ಆಸ್ಬೆಸ್ಟಾಸ್ ಎಲ್ಲ ಇರಬಹುದು. ಅದನ್ನು ನೀರು ಹಾಕಿ ಹಳ್ಳಕ್ಕೆ ತೊಳೆಯಬೇಡಿ. ಒಣಗಿದ್ದನ್ನು ಗುಡಿಸಲೂಬೇಡಿ.

ಬೆಟ್ಟದಂಚು:

ಎಲ್ಲರಿಗೂ ತುಂಬಾ ಧನ್ಯವಾದ. ನೆರಳುಗಲ್ಲು ಅಕ್ಕ, ಪೊಳ್ಳಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಇವತ್ತಿಂದ ಎಲ್ಲರ ಕೈಯಲ್ಲೂ ಕೋಲು.

ಹನಿ ಪರೀಕ್ಷೆ ಮಾಡಿದೆ. ಕೆಳಗಿನ ಅರ್ಧದಲ್ಲಿ ನೀರು ತಕ್ಷಣ ಇಂಗುತ್ತದೆ, ಸಣ್ಣ ಬೇರೂ ಇವೆ. ಮೇಲೆ ಬಿಳಿ ಬೂದಿ ಇದ್ದ ಕಡೆ ಮೇಲ್ಗಡೆ ಇಂಗಿತು, ಆದರೆ 2 ಸೆಂಟಿಮೀಟರ್ ಕೆಳಗೆ ಹನಿ ಹಾಗೇ ಕುಳಿತಿತ್ತು. ನಿಮಿಷ ಕಳೆದರೂ ಹೋಗಲಿಲ್ಲ.

ಈಗ ಮೂರು ಪ್ರಶ್ನೆ. ಆ ಪದರವನ್ನು ಗುದ್ದಲಿಯಿಂದ ಅಗೆದು ಒಡೆಯಬೇಕಾ? ಬಿದ್ದ ಮರದ ದಿಮ್ಮಿಗಳನ್ನು ಅಡ್ಡ ಇಟ್ಟರೆ ಉಪಯೋಗ ಇದೆಯಾ? ಕೊರಕಲಿಗೆ ಏನು ಮಾಡೋದು?

ಮಣ್ಣುಹಿಡಿ:

ಮೇಲೆ ಇಂಗಿ ಕೆಳಗೆ ನಿಂತಿತು ಅಂದಿರಲ್ಲ, ಬೆಂಕಿ ಜೋರಾಗಿದ್ದ ಕಡೆ ಹಾಗೆಯೇ ಆಗುತ್ತದೆ. ಸುಮಾರು 280 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಮೇಣವೇ ಉರಿದು ಹೋಗುತ್ತದೆ. ಮೇಲಿನ ಪದರದಲ್ಲಿ ಅದು ಉರಿದಿದೆ, ಕೆಳಗೆ ಕಡಿಮೆ ಬಿಸಿಯಲ್ಲಿ ಉಳಿದುಕೊಂಡಿದೆ.

ಕಡಿದಾದ ಜಾಗದಲ್ಲಿ ಅಗೆಯಬೇಡಿ. ಸಡಿಲವಾದ ಮಣ್ಣು ಮೊದಲ ಮಳೆಗೇ ಇಳಿಯುತ್ತದೆ. ಸ್ವಲ್ಪ ಸಪಾಟಾದ ತುಂಡುಗಳಿದ್ದರೆ ಅಲ್ಲಿ ಮಾತ್ರ ಹಲ್ಲುಗೋಲಿನಿಂದ ಗುಡ್ಡಕ್ಕೆ ಅಡ್ಡಲಾಗಿ ಮೆಲ್ಲಗೆ ಕೆರೆದು, ಕೂಡಲೇ ಹೊದಿಕೆ ಹಾಕಿ. ಉಳಿದ ಕಡೆ ಆ ಪದರ ತಾನಾಗಿಯೇ ಸಡಿಲವಾಗುತ್ತದೆ. ಮಣ್ಣು ನೆನೆಯುತ್ತಾ, ಬೇರು, ಹುಳು ಓಡಾಡುತ್ತಾ ಒಂದೆರಡು ವರ್ಷದಲ್ಲಿ ಅದರ ಬಲ ಹೋಗುತ್ತದೆ. ಅಲ್ಲಿಯವರೆಗೆ ಹೊದಿಕೆ ಕೆಲಸ ಮಾಡಬೇಕು.

ದಿಮ್ಮಿಗಳ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಇದನ್ನು ಅರ್ಧಂಬರ್ಧ ಮಾಡಿದರೆ ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ದಿಮ್ಮಿಯನ್ನು ಗುಡ್ಡಕ್ಕೆ ಅಡ್ಡ, ಪೂರ್ತಿ ಒಂದೇ ಮಟ್ಟದಲ್ಲಿ ಇಡಬೇಕು. ಕಣ್ಣಳತೆ ನಂಬಬೇಡಿ, ಇಳಿಜಾರಿನಲ್ಲಿ ಕಣ್ಣು ಮೋಸ ಮಾಡುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡೂ ತುದಿ ಹಿಡಿದು ಮಟ್ಟ ನೋಡಿ. ಒಂದು ತುದಿ ತಗ್ಗಿದ್ದರೆ ನೀರೆಲ್ಲ ಅಲ್ಲಿಗೆ ಸೇರಿ ಹೊಸ ಕೊರಕಲು ಹುಟ್ಟುತ್ತದೆ. ಸುಮ್ನೆ ನೆಲದ ಮೇಲೆ ಇಟ್ಟರೂ ಆಗದು. ಅಡಿಯಲ್ಲಿ ಸಂದು ಇದ್ದರೆ ನೀರು ಅಲ್ಲಿಂದ ರಭಸವಾಗಿ ನುಗ್ಗುತ್ತದೆ. ಸಣ್ಣ ಕಾಲುವೆ ತೋಡಿ ದಿಮ್ಮಿ ಕೂರಿಸಿ, ಮೇಲ್ಗಡೆಯಿಂದ ಮಣ್ಣು ತುಂಬಿ ಚೆನ್ನಾಗಿ ತುಳಿಯಿರಿ. ಕೆಳಗಡೆ ಗೂಟ ಹೊಡೆಯಿರಿ ಅಥವಾ ಬುಡ ಗಟ್ಟಿ ಇರುವ ಮೋಟಿಗೆ ಆತುಕೊಳ್ಳುವಂತೆ ಇಡಿ. ಎರಡು ತುದಿಯಲ್ಲೂ ಮೇಲ್ಮುಖವಾಗಿ ಸಣ್ಣ ಮಣ್ಣಿನ ಬದು ತಿರುಗಿಸಿ. ಮುಂದಿನ ಸಾಲಿನ ದಿಮ್ಮಿ, ಮೇಲಿನ ಸಾಲಿನ ಸಂದಿಗೆ ನೇರವಾಗಿ ಬರಲಿ, ಇಟ್ಟಿಗೆ ಗೋಡೆ ಕಟ್ಟಿದ ಹಾಗೆ.

ಇಷ್ಟೆಲ್ಲ ಮಾಡಿದರೂ ದಿಮ್ಮಿ ಸಣ್ಣ, ಮಧ್ಯಮ ಮಳೆಗೆ ಮಾತ್ರ. ಒಂದೆರಡು ಮಳೆಗೆ ಹಿಂದೆ ಮಣ್ಣು ತುಂಬಿಕೊಂಡರೆ ಅದರ ಕೆಲಸ ಮುಗಿಯಿತು. ಹಾಗಾಗಿ ನಿಮ್ಮ ಜನ ಕಡಿಮೆ ಇದ್ದರೆ ಹೊದಿಕೆ ಮುಗಿಸಿ ಆಮೇಲೆ ಇದಕ್ಕೆ ಬನ್ನಿ. ನೂರು ದಿಮ್ಮಿಗಿಂತ ಸರಿಯಾಗಿ ಕೂರಿಸಿದ ಹತ್ತು ಒಳ್ಳೆಯದು.

ಕೊರಕಲಿಗೆ ಕಲ್ಲಿನ ತಡೆಗಳನ್ನು ಹಾಕಬಹುದು. ಮೇಲಿನ ತುದಿಯಿಂದ, ನೀರು ಇನ್ನೂ ಸಣ್ಣದಿರುವ ಕಡೆಯಿಂದ ಶುರು ಮಾಡಿ. ಮೊಣಕಾಲಿಗಿಂತ ಎತ್ತರ ಬೇಡ. ಕಲ್ಲುಗಳು ಎರಡೂ ದಡದೊಳಗೆ ಹುದುಗಿರಬೇಕು. ಮಧ್ಯ ಭಾಗ ತಗ್ಗಿರಬೇಕು, ಬದಿಗಳು ಎತ್ತರ. ಮಧ್ಯ ತಗ್ಗಿಲ್ಲದಿದ್ದರೆ ನೀರು ಬದಿಯನ್ನು ಕೊರೆದು ತಡೆಯನ್ನೇ ಸುತ್ತಿ ಹೋಗುತ್ತದೆ. ನೀರು ಧುಮುಕುವ ಕೆಳಗಡೆ ಚಪ್ಪಟೆ ಕಲ್ಲು ಹಾಸಿ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇಟ್ಟುಕೊಳ್ಳಿ. ವರ್ಷವಿಡೀ ನೀರು ಹರಿಯುವ ಹಳ್ಳವಾದರೆ ಇದನ್ನು ನೀವಾಗಿ ಮಾಡಬೇಡಿ, ತಿಳಿದ ಎಂಜಿನಿಯರ್ ಬಂದು ನೋಡಲಿ. ಒಣ ಕೊರಕಲೇ ಆಗಿದ್ದರೂ ಮನೆ ಹತ್ತಿರದ ಕೊನೆಯ ಭಾಗವನ್ನು ಅವರಿಗೆ ತೋರಿಸಿ. ಮೋರಿಯ ಬಾಯಲ್ಲಿ ಸುಟ್ಟ ಕೊಂಬೆ, ಹೂಳು ಇದ್ದರೆ ಈಗಲೇ ತೆಗೆಯಿರಿ. ಪ್ರತಿ ಜೋರು ಮಳೆ ನಿಂತ ಮೇಲೆ ಮತ್ತೆ ನೋಡಿ. ಮೋರಿ ಕಟ್ಟಿಕೊಂಡರೆ ನೀರು ದಾರಿ ಹತ್ತಿ ಮನೆಗೆ ತಿರುಗುತ್ತದೆ.

ಹಸಿರುದಾರಿ:

ಬೀಜದ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಹೊದಿಕೆ ಮೊದಲು ಅನ್ನುವುದನ್ನು ಒಪ್ಪುತ್ತೇನೆ. ಸಸಿ ನೆಡುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಒಂದು ಋತು ಕಾಯಿರಿ. ಸತ್ತಿದೆ ಅಂದುಕೊಂಡ ಮರದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರು ಇದ್ದರೆ ಜೀವ ಇದೆ. ಎಷ್ಟೋ ಜಾತಿ ಮರ, ಪೊದೆ ಬುಡದಿಂದ ಚಿಗುರುತ್ತವೆ. ಕೆಲವು ಪೈನ್ ಜಾತಿಗಳ ಕಾಯಿ ಬೆಂಕಿಯ ಬಿಸಿಗೇ ಬಾಯಿ ಬಿಟ್ಟು ಬೀಜ ಉದುರಿಸುತ್ತದೆ. ಹೊಗೆ ತಾಗಿದ ಮೇಲೆಯೇ ಮೊಳೆಯುವ ಬೀಜಗಳೂ ಇವೆ. ಹೊಗೆಯಲ್ಲಿರುವ ಯಾವ ಅಂಶ ಅದನ್ನು ಎಬ್ಬಿಸುತ್ತದೆ ಅಂತ 2004ರಲ್ಲಿ ಕಂಡುಹಿಡಿದರು. ಏನು ತಾನಾಗಿ ಬರುತ್ತದೆ ಅಂತ ನೋಡಿ, ಖಾಲಿ ಉಳಿದ ಜಾಗಕ್ಕೆ ಮಾತ್ರ ನೆಟ್ಟರೆ ಶ್ರಮ ಉಳಿಯುತ್ತದೆ.

ಮಣ್ಣುಹಿಡಿ:

ಹಸಿರುದಾರಿ ಅವರ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅವರೆಕಾಯಿ ಜಾತಿಯ ಕಾಡುಗಿಡಗಳು, ಅಂದರೆ ಕಾಯಿಯೊಳಗೆ ಬೀಜ ಸಾಲಾಗಿರುವಂಥವು ಮೊದಲು ಬಂದರೆ ಕಳೆ ಅಂತ ಕೀಳಬೇಡಿ. ಬೆಂಕಿಯಲ್ಲಿ ಮಣ್ಣಿನ ಸಾರಜನಕ ಗಾಳಿಗೆ ಹೋಗಿರುತ್ತದೆ. ಅದನ್ನು ಮರಳಿ ತರುವವು ಇವೇ.

ಬೆಟ್ಟದಂಚು:

ಕೊನೆಯದಾಗಿ ಒಂದು. ದನ, ಮೇಕೆ ಆ ಕಡೆ ಬರುತ್ತವೆ. ಮತ್ತೆ, ಸುಟ್ಟ ದೊಡ್ಡ ಮರಗಳನ್ನು ಯಂತ್ರ ತಂದು ಸಾಗಿಸುತ್ತೇವೆ ಅಂತ ಒಬ್ಬರು ಕೇಳುತ್ತಿದ್ದಾರೆ. ಏನು ಹೇಳಲಿ?

ಮಣ್ಣುಹಿಡಿ:

ದನ, ಮೇಕೆ ಬೇಡ. ಕನಿಷ್ಠ ಎರಡು ಬೆಳೆಯುವ ಕಾಲ ಮುಗಿಯುವವರೆಗೆ ತಡೆಯಿರಿ. ಮೊದಲ ಚಿಗುರನ್ನೇ ಮೇಕೆ ತಿಂದರೆ ಬುಡದಲ್ಲಿ ಕೂಡಿಟ್ಟ ಶಕ್ತಿ ಖಾಲಿಯಾಗಿ ಗಿಡ ಸಾಯುತ್ತದೆ. ಗೊರಸಿನ ದಾರಿಗಳೂ ನೀರಿನ ದಾರಿಗಳಾಗುತ್ತವೆ.

ಮರ ಸಾಗಿಸುವವರಿಗೆ ಈ ಮಳೆಗಾಲ ಮುಗಿಯಲಿ ಅನ್ನಿ. ಈಗ ಭಾರದ ಯಂತ್ರ ಹತ್ತಿಸಿದರೆ ಮಣ್ಣು ಗಟ್ಟಿಯಾಗುತ್ತದೆ, ಮೊಳಕೆ ನುಜ್ಜುಗುಜ್ಜಾಗುತ್ತದೆ, ಇನ್ನೊಂದು ಬುಲ್ಡೋಜರ್ ಪಟ್ಟಿ ಸಿಗುತ್ತದೆ. ಮನೆ, ದಾರಿಯ ಮೇಲೆ ಬೀಳುವಂಥ ಮರಗಳನ್ನು ಮಾತ್ರ ತಿಳಿದವರಿಂದ ತೆಗೆಸಿ, ಅದರ ಕೊಂಬೆಗಳನ್ನು ಅಲ್ಲೇ ಹರಡಿಸಿ. ಉಳಿದವು ನಿಂತಿರಲಿ. ಮರಕುಟಿಗ, ಗೂಬೆ ಅಲ್ಲಿ ಗೂಡು ಮಾಡುತ್ತವೆ.

ಮೂರನೆಯ, ನಾಲ್ಕನೆಯ ವರ್ಷವೂ ಮೇಲಿನ ಭಾಗದ ಮೇಲೆ ಕಣ್ಣಿಡಿ. ಅಷ್ಟರಲ್ಲಿ ನೆಲ ಹಸಿರಾಗಿರುತ್ತದೆ, ಮೇಲಿನ ಮಣ್ಣು ಕೊಚ್ಚಿಹೋಗುವುದು ಬಹಳ ಕಡಿಮೆಯಾಗಿರುತ್ತದೆ. ಆದರೆ ಸತ್ತ ದೊಡ್ಡ ಮರಗಳ ಬೇರು ಕೊಳೆಯುವುದು ಆ ಹೊತ್ತಿಗೆ. ಹೊಸ ಬೇರು ಅಷ್ಟು ಆಳಕ್ಕೆ ಇನ್ನೂ ಹೋಗಿರುವುದಿಲ್ಲ. ಉದ್ದ ಮಳೆ ಹಿಡಿದಾಗ ಗುಡ್ಡಕ್ಕೆ ಅಡ್ಡಲಾಗಿ ಬಿರುಕು ಕಂಡರೆ, ಮರಗಳು ಹೊಸದಾಗಿ ವಾಲಿದರೆ, ಬುಡದಲ್ಲಿ ಹಿಂದೆ ಇಲ್ಲದ ಒರತೆ ಕಂಡರೆ ಮನೆಯಿಂದ ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ. ಪ್ರತಿ ಜೋರು ಮಳೆಯ ಮರುದಿನ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದು ಇಲ್ಲಿ ಹಾಕಿ. ಬದು ಎಲ್ಲಿ ಸೋರುತ್ತಿದೆ ಅಂತ ನೋಡಿ ಹೇಳುತ್ತೇನೆ.